ನೀರಿನ ಸದ್ದು ನಿಂತ ದಿನ

ನನಗೆ ಮೊದಲಿನಿಂದಲೂ ಹೆದರಿಕೆ ಹೆಚ್ಚು. ಗ್ಯಾಸ್ ಸಿಲಿಂಡರ್ ಬದಲಾಯಿಸಲು ಹೆದರಿಕೆ, ಸಿಡಿಲೆಂದರೆ ಹೆದರಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಹೆದರಿಕೆ. ಕಾರ್ಕಳದ ಶಾಲೆಯೊಂದರಲ್ಲಿ ಟೀಚರಾಗಿರುವ ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕಾದ ವಾರ ಸರಿಯಾಗಿ ಊಟ ಮಾಡುವುದಿಲ್ಲ. ಅಂಥವಳ ಕೈಗೆ ಅಣ್ಣ ತನ್ನ ಸಮುದ್ರಮೀನಿನ ಟ್ಯಾಂಕನ್ನು ಒಪ್ಪಿಸಿ ಹೃದಯದ ಆಪರೇಷನ್ನಿಗೆಂದು ಮಣಿಪಾಲಕ್ಕೆ ಹೋದ ಎಂದರೆ, ಅವನಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ ಎಂದೇ ಅರ್ಥ. ಮೇ ತಿಂಗಳ ನಡು, ಶಾಲೆಗೆ ರಜೆ. ನನ್ನ ಗಂಡ ಕಾರ್ಕಳದಲ್ಲಿ ತಮ್ಮ ಅಂಗಡಿ ನೋಡಿಕೊಂಡು ಒಬ್ಬರೇ ಇರಬಲ್ಲವರು. ನಾನು ಚೀಲಕ್ಕೆ ಬಟ್ಟೆ ತುಂಬಿಕೊಂಡು ಕಾಪುವಿನಲ್ಲಿರುವ ಅಣ್ಣನ ಮನೆಗೆ ಬಂದೆ.

ಅಣ್ಣ ಗಲ್ಫಿನ ದೊಡ್ಡ ಹೋಟೆಲೊಂದರಲ್ಲಿ ಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಊರಿಗೆ ಬಂದ ಮೇಲೆ ಅದನ್ನೇ ಕಸುಬು ಮಾಡಿಕೊಂಡ. ಉಡುಪಿ, ಮಣಿಪಾಲದ ಕ್ಲಿನಿಕ್ಕುಗಳಿಗೂ ಹೋಟೆಲುಗಳಿಗೂ ಟ್ಯಾಂಕು ಮಾಡಿಕೊಡುವುದು, ಆಗಾಗ ಹೋಗಿ ತೊಳೆದು ಬರುವುದು. ಕಾಪುವಿನ ಮನೆಯ ಚಾವಡಿಯಲ್ಲಿ ತನಗಾಗಿಯೇ ಒಂದು ಟ್ಯಾಂಕು ಇಟ್ಟಿದ್ದ. ಒಂದು ಗೋಡೆಯಷ್ಟು ಉದ್ದದ ಗಾಜು, ಒಳಗೆ ಕಡಲಿನಿಂದಲೇ ತಂದು ಸೋಸಿದ ನೀರು, ಸತ್ತ ಹವಳದ ಕಲ್ಲುಗಳು. ಅದರಲ್ಲಿ ಇರಬೇಕಾದ ಮೀನುಗಳು ಕೆಲವೇ. ಆದರೆ ಆ ದಿನಗಳಲ್ಲಿ ಅದು ತುಂಬಿ ತುಳುಕುತ್ತಿತ್ತು. ಮಣಿಪಾಲದ ಹೊಸ ಹೋಟೆಲೊಂದಕ್ಕೆಂದು ಚೆನ್ನೈಯಿಂದ ಮೀನುಗಳು ಬಂದಿಳಿದಿದ್ದವು. ಅಷ್ಟರಲ್ಲಿ ಅಲ್ಲಿನ ಟ್ಯಾಂಕಿನ ಗಾಜಿನ ಜೋಡಣೆ ಬಿಟ್ಟು ನೀರು ಸೋರಲು ತೊಡಗಿತ್ತು. ಬಂದ ಮೀನುಗಳನ್ನು ಹಿಂದೆ ಕಳಿಸುವ ಹಾಗಿಲ್ಲ. ಒಂದು ವಾರದ ಮಟ್ಟಿಗೆ ಎಂದು ಅಣ್ಣ ಎಲ್ಲವನ್ನೂ ತನ್ನ ಟ್ಯಾಂಕಿಗೆ ಬಿಟ್ಟುಕೊಂಡ. ಆ ವಾರದಲ್ಲೇ ಒಂದು ಬೆಳಿಗ್ಗೆ ಕಡಲ ನೀರಿನ ಕ್ಯಾನು ಎತ್ತುವಾಗ ಅವನಿಗೆ ಎದೆ ಹಿಡಿದುಕೊಂಡದ್ದು. ಮಣಿಪಾಲದಲ್ಲಿ ಪರೀಕ್ಷೆ ಮಾಡಿ, ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಗಬೇಕು, ತಡ ಮಾಡಬೇಡಿ ಎಂದರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಟ್ಯಾಂಕಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ನನಗೆ ಪಾಠ ಹೇಳಿದ. ಅವನು ಏಳಬಾರದು, ಏನನ್ನೂ ಎತ್ತಬಾರದು ಎಂದು ಅತ್ತಿಗೆ ಬಾಗಿಲಲ್ಲೇ ಕಾವಲು ನಿಂತಿದ್ದರು. ಟ್ಯಾಂಕಿನ ಕೆಳಗಿನ ಕಪಾಟನ್ನು ತೆರೆಸಿದ. ಮೇಲಿನ ನೀರು ಒಂದು ಮೂಲೆಯಿಂದ ಉಕ್ಕಿ ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಅಲ್ಲಿ ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲೇರುತ್ತದೆ. ತೊಟ್ಟಿಯೊಳಗೆ ಒಂದು ಎತ್ತರದ ಕೊಳವೆಯಿತ್ತು. ಅದರಲ್ಲಿ ಹಿಟ್ಟಿನಂಥ ನುಣ್ಣನೆಯ ಗುಳ್ಳೆಗಳು ಏಳುತ್ತ, ಮೀನಿನ ಹೊಲಸನ್ನೆಲ್ಲ ಅಂಟಿಸಿಕೊಂಡು ಮೇಲಿನ ಬಟ್ಟಲಿಗೆ ಕಂದು ನೊರೆಯಾಗಿ ಉಕ್ಕುತ್ತಿದ್ದವು. ಬೆಲ್ಲದ ಪಾಕ ಕುದಿಯುವಾಗ ಮೇಲೆ ಬರುವ ಕೊಳೆಯ ಹಾಗೆ. ಅದಕ್ಕೆ ಸ್ಕಿಮ್ಮರ್ ಎಂದು ಹೆಸರು. ಪಕ್ಕದಲ್ಲಿ ಬೂದು ಬಣ್ಣದ ಮುಚ್ಚಿದ ಡಬ್ಬಿಯಂಥ ಇನ್ನೊಂದು ಫಿಲ್ಟರ್. ಮೀನು ಜಾಸ್ತಿಯಾಯಿತೆಂದು ಅದನ್ನು ಅವನು ಆಮೇಲೆ ಸೇರಿಸಿದ್ದ.

ಅವನು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಕೂತದ್ದು ಎರಡೇ. ಮೊದಲನೆಯದು, ಉಪ್ಪುನೀರು ಸಿಹಿನೀರಿನಷ್ಟು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬಿಸಿಯೇರಿದರೆ ಇನ್ನೂ ಕಡಿಮೆ. ಇಷ್ಟೊಂದು ಮೀನುಗಳಿರುವಾಗ ನೀರಿನ ಓಡಾಟ ನಿಂತರೆ ಅವು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತವೆ. ಎರಡನೆಯದು, ಮೇನ್ ಸ್ವಿಚ್ ಆಫ್ ಮಾಡದೆ ನೀರಿಗೆ ಕೈ ಹಾಕಬಾರದು. ಒಂದು ಸಲ ಪಂಪಿನ ವಯರು ಒಳಗೇ ಬಿರುಕು ಬಿಟ್ಟಿದ್ದು ತಿಳಿಯದೆ ಕೈ ಹಾಕಿ, ಕುರ್ಚಿಯ ಮೇಲಿಂದ ಹಿಂದಕ್ಕೆ ಬಿದ್ದಿದ್ದನಂತೆ. ಅದನ್ನು ಹೇಳುವಾಗ ಅವನು ನಕ್ಕ. ನನಗೆ ನಗು ಬರಲಿಲ್ಲ. ಅಂದಿನಿಂದ ಆ ಗಾಜನ್ನು ಮುಟ್ಟುವಾಗಲೂ ನನ್ನ ಬೆರಳು ಹಿಂಜರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಪರೀಕ್ಷೆಗಳು, ರಕ್ತದ ವ್ಯವಸ್ಥೆ ಎಂದು ಕೆಲವು ದಿನ ಹೋದವು. ಅಣ್ಣ ದಿನವೂ ಸಂಜೆ ಫೋನು ಮಾಡುತ್ತಿದ್ದ. ಮೀನು ತಿಂದವೇ, ನೀರು ತಿಳಿಯಿದೆಯೇ ಎಂದು ಕೇಳಿ, ಕೊನೆಗೆ ಫೋನನ್ನು ಟ್ಯಾಂಕಿನ ಹತ್ತಿರ ಹಿಡಿಯಲು ಹೇಳುತ್ತಿದ್ದ. ನಾನು ಕಪಾಟಿನ ಬಾಗಿಲು ತೆರೆದು ಹಿಡಿಯುತ್ತಿದ್ದೆ. ಪೈಪಿನಲ್ಲಿ ನೀರು ಇಳಿಯುವ ಸದ್ದು, ಸ್ಕಿಮ್ಮರಿನ ಗೊರಗೊರ, ಪಂಪಿನ ಗುಂಯ್. ಅವನು ಒಂದಿಷ್ಟು ಹೊತ್ತು ಕೇಳಿಸಿಕೊಂಡು, ಸರಿ ಉಂಟು, ಮಲಗು ಎನ್ನುತ್ತಿದ್ದ. ಸದ್ದಿನಿಂದಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನಾನು ಚಾ ಕುಡಿಯುತ್ತಿದ್ದಾಗ ಪಡುವಣದ ಆಕಾಶ ಕಪ್ಪಾಯಿತು. ಮಳೆಗಾಲದ ಮುಂಚಿನ ಗಾಳಿಮಳೆ. ತೆಂಗಿನ ಮರಗಳು ನೆಲ ಮುಟ್ಟುವ ಹಾಗೆ ಬಾಗಿದವು, ಎಲ್ಲೋ ಹತ್ತಿರವೇ ಮರ ಮುರಿದ ಸದ್ದು, ಕರೆಂಟು ಹೋಯಿತು. ಮಳೆ ಎಷ್ಟು ಬೇಗ ಬಂತೋ ಅಷ್ಟೇ ಬೇಗ ನಿಂತಿತು. ನಂತರ ಬಂದದ್ದು ಬಿಸಿಲು, ಹಬೆಯಲ್ಲಿ ಬೇಯಿಸಿದಂಥ ಸೆಕೆ. ಇನ್ವರ್ಟರಿನಲ್ಲಿ ಪಂಪು ಓಡುತ್ತಿತ್ತು. ನಾನು ಮನೆಯ ಫ್ಯಾನು, ಫ್ರಿಜ್ಜು ಎಲ್ಲ ಬಂದ್ ಮಾಡಿ, ಇದ್ದ ಶಕ್ತಿಯೆಲ್ಲ ಮೀನಿಗೇ ಇರಲೆಂದು ಬೆವರುತ್ತ ಕೂತೆ.

ಕರೆಂಟಿನ ಕಚೇರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಹೆದ್ದಾರಿಯ ಬದಿಯಲ್ಲಿ ಕಂಬಗಳೇ ಬಿದ್ದಿವೆ, ಸಂಜೆಯಾದರೂ ಆದೀತು ಎಂದು ಹಾಲಿನ ಅಂಗಡಿಯವರು ಹೇಳಿದರು. ಶಾಮಿಯಾನದವರ ಹತ್ತಿರ ಜನರೇಟರ್ ಕೇಳಿದೆ. ಅದು ಎಲ್ಲೂರಿನ ಮದುವೆಗೆ ಹೋಗಿತ್ತು. ಗಂಡನಿಗೆ ಫೋನು ಮಾಡಿದೆ. ಅಂಗಡಿಯ ಇನ್ವರ್ಟರ್ ಬ್ಯಾಟರಿ ಬಿಚ್ಚಿ ಕಾರಿಗೆ ಹಾಕಿಕೊಂಡು ಬರುತ್ತೇನೆ ಎಂದು ಹೊರಟ ಅವರು, ದಾರಿಯಲ್ಲಿ ದೊಡ್ಡ ಮರ ಬಿದ್ದಿದೆ, ಎರಡೂ ಕಡೆ ವಾಹನಗಳು ನಿಂತಿವೆ ಎಂದು ಆಮೇಲೆ ತಿಳಿಸಿದರು. ಈ ನಡುವೆ ಅತ್ತಿಗೆಯ ಫೋನು ಬಂತು. ನಾಳೆ ಬೆಳಿಗ್ಗೆ ಮೊದಲಿಗೆ ಇವರನ್ನೇ ಒಳಗೆ ತೆಗೆದುಕೊಳ್ಳುತ್ತಾರಂತೆ, ಬಿ.ಪಿ. ಏರಬಾರದಂತೆ, ಮನಸ್ಸಿಗೆ ಬೇಸರವಾಗುವ ಯಾವ ಮಾತೂ ಬೇಡವಂತೆ. ನಾನು ಹೂಂ ಎಂದೆ. ಕರೆಂಟು ಹೋದ ಸಂಗತಿ ಅವರಿಗೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ಕೂಗಲು ತೊಡಗಿತು. ಹಳೆಯ ಬ್ಯಾಟರಿ. ಸ್ವಲ್ಪ ಹೊತ್ತು ಕೂಗಿ ಕೂಗಿ, ಟಕ್ ಎಂದು ನಿಂತಿತು. ಪಂಪು ನಿಂತಿತು. ಪೈಪಿನಲ್ಲಿ ಉಳಿದಿದ್ದ ನೀರು ಗುಳುಗುಳು ಎಂದು ಕೆಳಗಿಳಿದು, ಅದೂ ನಿಂತಿತು. ಆ ಮನೆಯಲ್ಲಿ ಅಂಥ ಮೌನವನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಕಿವಿಯೊಳಗೆ ನನ್ನದೇ ರಕ್ತ ಬಡಿಯುವುದು ಕೇಳಿಸುತ್ತಿತ್ತು.

ಅಣ್ಣ ಹೇಳಿದ್ದ ಹಾಗೆ ಮೇನ್ ಸ್ವಿಚ್ ಆಫ್ ಮಾಡಿದೆ. ಕಪಾಟಿನಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಏರ್ ಪಂಪಿತ್ತು. ಅದರ ಕೊಳವೆಯನ್ನು ನೀರಿಗೆ ಇಳಿಬಿಟ್ಟೆ. ಒಂದು ಕಡೆ ಒಂದಿಷ್ಟು ಗುಳ್ಳೆಗಳು ಎದ್ದವು. ಅಷ್ಟುದ್ದದ ಟ್ಯಾಂಕಿಗೆ ಅದು ಯಾವ ಮೂಲೆಗೂ ಸಾಲದು. ಮೊದಮೊದಲು ಮೀನುಗಳಿಗೆ ಏನೂ ಆಗಲಿಲ್ಲ. ನೀರು ಓಡದಿದ್ದರೂ ಅವು ಓಡಾಡಿಕೊಂಡೇ ಇದ್ದವು. ಇಷ್ಟೇ ತಾನೇ, ಅಣ್ಣ ಸುಮ್ಮನೆ ಹೆದರಿಸಿದ್ದಾನೆ ಎಂದುಕೊಂಡು ನಾನು ಗಂಜಿ ಬಡಿಸಿಕೊಂಡೆ. ತುತ್ತು ಬಾಯಿಗಿಡುವಾಗ ನೋಡುತ್ತೇನೆ, ಹಳದಿ ಮೀನುಗಳೆಲ್ಲ ಮೇಲೆ ಬಂದಿವೆ. ಕಲ್ಲಿನ ಸಂದಿಯಲ್ಲಿ ಅಡಗಿರುವ, ನಾನು ಇಷ್ಟು ದಿನ ಕಂಡೇ ಇರದ ಮೀನುಗಳೂ ಹೊರಬಂದಿದ್ದವು. ಎಲ್ಲವೂ ನೀರಿನ ಮೇಲ್ಮೈಗೆ ಬಾಯಿ ತಾಗಿಸಿ ಒಂದೇ ಸಮನೆ ಬಾಯಿ ಬಿಡುತ್ತಿದ್ದವು. ಕಿವಿರುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಅಣ್ಣನ ಪ್ರೀತಿಯ ದೊಡ್ಡ ಏಂಜಲ್ ಮೀನು, ನೀಲಿಯ ಮೇಲೆ ಹಳದಿ ಗೆರೆಗಳದ್ದು, ತಳದಲ್ಲಿ ಒಂದು ಬದಿಗೆ ವಾಲಿಕೊಂಡು ನಿಂತಿತ್ತು. ಅದರ ಬಣ್ಣವೇ ಬಿಳಿಚಿಕೊಂಡಿತ್ತು.

ತಟ್ಟೆ ಬಿಟ್ಟು ಎದ್ದೆ. ಕಿಟಕಿಗಳನ್ನೆಲ್ಲ ತೆರೆದೆ, ಟ್ಯಾಂಕಿನ ಮುಚ್ಚಳ ತೆಗೆದೆ. ಸ್ನಾನದ ಮನೆಯ ಚೊಂಬನ್ನು ಚೆನ್ನಾಗಿ ತೊಳೆದು ತಂದು, ಸ್ಟೂಲಿನ ಮೇಲೆ ಹತ್ತಿ, ಟ್ಯಾಂಕಿನ ನೀರನ್ನೇ ಮೊಗೆದು ಮೇಲಿನಿಂದ ಹೊಯ್ಯತೊಡಗಿದೆ. ಮೇನ್ ಸ್ವಿಚ್ ಆಫ್ ಇದೆ ಎಂದು ಗೊತ್ತಿದ್ದೂ ಮೊದಲ ಸಲ ಚೊಂಬು ನೀರಿಗೆ ತಾಗುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಹೊಯ್ದಲ್ಲಿಗೆ ಮೀನುಗಳು ನುಗ್ಗಿ ಬರುತ್ತಿದ್ದವು. ಹೊಯ್ಯುವುದು ನಿಲ್ಲಿಸಿದರೆ ಚದುರಿ, ಮತ್ತೆ ಮೇಲೆ ಬಾಯಿ ಬಿಡುತ್ತಿದ್ದವು. ಎಷ್ಟು ಹೊತ್ತು ಹೊಯ್ದೆನೋ ತಿಳಿಯದು. ಭುಜ ಉರಿಯುತ್ತಿತ್ತು, ಸೀರೆ ಪೂರ್ತಿ ಒದ್ದೆಯಾಗಿತ್ತು.

ಆಗ ಹಿತ್ತಿಲ ಬಾಗಿಲಲ್ಲಿ ಯಾರೋ ಕರೆದಂತಾಯಿತು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹೆಂಗಸು. ಬಾದಾಮಿಯ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಗಾಳಿಮಳೆಯಿಂದಾಗಿ ಅಂದು ಕೆಲಸ ನಿಂತಿತ್ತು. ಕರೆಂಟಿಲ್ಲದೆ ನಳ್ಳಿಯಲ್ಲಿ ನೀರಿಲ್ಲವೆಂದು ಬಾವಿಯ ನೀರು ಕೇಳಲು ಬಂದಿದ್ದಳು. ಕೊಡವನ್ನು ಅಲ್ಲೇ ಇಟ್ಟು ಒಳಗೆ ಬಂದು ಟ್ಯಾಂಕನ್ನು ನೋಡಿದಳು.

"ಏನಾತ್ರಿ ಅಕ್ಕಾರ? ಇವು ಹಿಂಗ್ಯಾಕ ಬಾಯಿ ತೆಗಿಯಾಕತ್ತಾವ?"

ಗಾಳಿ ಸಾಲುತ್ತಿಲ್ಲ ಎಂದೆ. ಅಣ್ಣನಿಗೆ ನಾಳೆ ಆಪರೇಷನ್, ಅವನಿಗೆ ಗೊತ್ತಾಗಬಾರದು ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯಿಂದ ಒಂದು ಪಾತ್ರೆ ತಂದು, ಟ್ಯಾಂಕಿನ ಇನ್ನೊಂದು ತುದಿಯಲ್ಲಿ ನಿಂತು ಹೊಯ್ಯತೊಡಗಿದಳು. ಅವಳ ಕೈಗೆ ಸಿಮೆಂಟಿನ ಬುಟ್ಟಿ ಎತ್ತಿ ಅಭ್ಯಾಸ. ನನಗಿಂತ ಎರಡು ಪಾಲು ಬೇಗ ಹೊಯ್ಯುತ್ತಿದ್ದಳು.

ಹೀಗೆ ಇಬ್ಬರೂ ಹೊಯ್ಯುತ್ತಿರುವಾಗ ಫೋನು ಬಂತು. ಅಣ್ಣ. ಸಂಜೆಯ ಹೊತ್ತಲ್ಲ, ನಡುಮಧ್ಯಾಹ್ನ ಕಳೆದಿತ್ತು ಅಷ್ಟೆ. ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದಾರಂತೆ. ಮಲಗಿದರೆ ನಿದ್ದೆ ಬರುವುದಿಲ್ಲ, ಅದಕ್ಕೇ ಫೋನು ಮಾಡಿದೆ ಎಂದ. ಉಡುಪಿಯ ಕಡೆ ಜೋರು ಮಳೆಯಂತೆ, ನಿಮ್ಮಲ್ಲಿ ಹೇಗೆ ಎಂದು ಕೇಳಿದ. ಇಲ್ಲಿ ಅಷ್ಟೇನೂ ಇಲ್ಲ ಎಂದೆ. ಮೀನು ತಿಂದವೇ ಎಂದ. ತಿಂದವು ಎಂದೆ. ಕೊನೆಗೆ ಅವನು ದಿನದಂತೆ, ಫೋನು ಸ್ವಲ್ಪ ಅಲ್ಲಿ ಹಿಡಿ ಎಂದ.

ನಾನು ಆ ಹೆಂಗಸಿನ ಮುಖ ನೋಡಿದೆ. ನಮ್ಮ ತುಳು ಅವಳಿಗೆ ಅರ್ಥವಾಗದು, ಆದರೆ ನನ್ನ ಮುಖ ಅರ್ಥವಾಗಿರಬೇಕು. ಅವಳು ಪಾತ್ರೆ ತುಂಬಿಸಿ, ಧಾರೆ ಕಡಿಯದಂತೆ ಸಣ್ಣಗೆ ಸುರಿದಳು. ಮುಗಿಯುವ ಮೊದಲೇ ನಾನು ಇನ್ನೊಂದು ಕೈಯಿಂದ ಚೊಂಬು ಸುರಿದೆ. ಪೈಪಿನ ನೀರಿನಂತೆ ಕೇಳಿಸಲಿ ದೇವರೇ ಎಂದು ಬೇಡಿಕೊಳ್ಳುತ್ತ ಫೋನು ಹಿಡಿದುಕೊಂಡೇ ಇದ್ದೆ.

ಆ ಕಡೆ ಅಣ್ಣ ಸುಮ್ಮನಾದ. ತುಂಬ ಹೊತ್ತು ಸುಮ್ಮನಿದ್ದ. ಅವನಿಗೇನಾದರೂ ಆಗಿಹೋಯಿತೇ ಎಂದು ಫೋನನ್ನು ಮತ್ತೆ ಕಿವಿಗಿಟ್ಟೆ.

ಆಮೇಲೆ ಮೆಲ್ಲಗೆ, ಯಾರು ಹೊಯ್ಯುತ್ತಿರುವುದು ಎಂದು ಕೇಳಿದ.

ಸುಳ್ಳು ಹೇಳಲು ಆಗಲಿಲ್ಲ. ಹಿಂದಿನ ಕೋಣೆಯವಳು ಎಂದೆ. ಸ್ಪೀಕರ್ ಹಾಕು ಎಂದ. ಹಾಕಿದೆ. ಅವನು ತುಳು ಬಿಟ್ಟು ಕನ್ನಡಕ್ಕೆ ತಿರುಗಿದ, ಅವಳಿಗೂ ತಿಳಿಯಲೆಂದು. ಅವನ ಧ್ವನಿ ಮಕ್ಕಳಿಗೆ ಹೇಳುವವರ ಧ್ವನಿಯಂತೆ ನಿಧಾನವಾಗಿತ್ತು.

"ಹೆದರ್ಲಿಕ್ಕೆ ಎಂತ ಇಲ್ಲ. ಇಬ್ಬರೂ ಒಟ್ಟಿಗೆ ಹೊಯ್ಯಬೇಡಿ, ಸುಸ್ತಾಗ್ತದೆ. ಒಬ್ಬರು ಹೊಯ್ಯುವಾಗ ಒಬ್ಬರು ಕೂತ್ಕೊಳ್ಳಿ. ಫ್ರಿಜ್ಜಲ್ಲಿ ಮಂಜುಗಡ್ಡೆಯ ಬಾಟ್ಲಿ ಉಂಟು ಅಲ್ವಾ, ಮುಚ್ಚಳ ಗಟ್ಟಿ ಮಾಡಿ ಅದನ್ನು ನೀರಲ್ಲಿ ತೇಲಿ ಬಿಡಿ. ನೀರು ತಣ್ಣಗಿದ್ರೆ ಗಾಳಿ ನಿಲ್ತದೆ."

"ಮೀನು ಸಾಯ್ತದಾ ಅಣ್ಣ?"

"ಕೆಲವು ಸಾಯ್ಲಿಕ್ಕುಂಟು. ಸತ್ತದ್ದನ್ನು ಕೂಡ್ಲೇ ಹೊರಗೆ ತೆಗಿರಿ. ಮತ್ತೆ ಆ ಬೂದು ಡಬ್ಬಿ ಉಂಟಲ್ಲ, ಕರೆಂಟು ಬಂದ್ರೂ ಅದನ್ನು ಶುರು ಮಾಡ್ಲೇ ಬಾರದು. ಒಳಗಿದ್ದ ನೀರು ಇಷ್ಟು ಹೊತ್ತಿಗೆ ವಿಷ ಆಗಿರ್ತದೆ. ಪೈಪ್ ಬಿಚ್ಚಿ ಹೊರಗೆ ಇಟ್ಟುಬಿಡಿ."

ಅಷ್ಟರಲ್ಲಿ ಆ ಕಡೆ ಅತ್ತಿಗೆಯ ಧ್ವನಿ ಕೇಳಿಸಿತು. ಫೋನು ಕಡಿಯಿತು.

ಅವನು ಹೇಳಿದ ಹಾಗೆ ಮಾಡಿದೆವು. ಮಂಜುಗಡ್ಡೆಯ ಬಾಟ್ಲಿ ಬಂದ್ ಮಾಡಿದ್ದ ಫ್ರಿಜ್ಜಿನಲ್ಲೂ ಅರ್ಧ ಗಟ್ಟಿಯಾಗಿಯೇ ಇತ್ತು. ಬೂದು ಡಬ್ಬಿಯ ಪೈಪುಗಳನ್ನು ಬಿಚ್ಚಿ ಹಿತ್ತಿಲಿಗೆ ಒಯ್ದು ಮುಚ್ಚಳ ತೆರೆದಾಗ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. ನೀರು ಓಡದೆ ನಿಂತು, ಹೊಲಸನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳೂ ಗಾಳಿಯಿಲ್ಲದೆ ಸತ್ತು ಒಳಗೇ ಕೊಳೆತಿದ್ದವು. ಅಣ್ಣ ಹೇಳದೆ ಇದ್ದಿದ್ದರೆ, ಕರೆಂಟು ಬಂತೆಂಬ ಖುಷಿಯಲ್ಲಿ ಅದನ್ನೆಲ್ಲ ನಾನೇ ಟ್ಯಾಂಕಿಗೆ ಬಿಡುತ್ತಿದ್ದೆ.

ಅತ್ತಿಗೆಯ ಫೋನು ಬಂದದ್ದು ಆಗ. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನರ್ಸು ಬಂದು ನೋಡಿದರು, ಬಿ.ಪಿ. ಏರಿದೆ, ಡಾಕ್ಟರಿಗೆ ಹೇಳಿದ್ದಾರೆ, ನಾಳೆ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಫೋನು ಹಿಡಿದುಕೊಂಡು ನೆಲದ ಮೇಲೆ ಕೂತೆ. ಹೊಯ್ಯುವ ಸರದಿ ನನ್ನದಾಗಿತ್ತು. ಏಳಲು ಆಗಲಿಲ್ಲ. ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ಮದುವೆ ಮಾಡಿಸಿದವನು. ಅವನು ಆಸ್ಪತ್ರೆಯ ಮಂಚದಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿರುವುದು ಕಣ್ಣಿಗೆ ಕಟ್ಟಿತು. ಈ ಮೀನುಗಳೆಲ್ಲ ಸತ್ತರೂ ಪರವಾಗಿಲ್ಲ, ಅವನೊಬ್ಬ ಉಳಿಯಲಿ ಎಂದುಕೊಂಡೆ. ಹಾಗೆ ಅಂದುಕೊಂಡ ಮರುಗಳಿಗೆಯೇ ಮೀನುಗಳು ಸತ್ತರೆ ಅವನೂ ಉಳಿಯುವುದಿಲ್ಲವೇನೋ ಎಂಬ ಹುಚ್ಚು ಹೆದರಿಕೆ ಹಿಡಿದುಕೊಂಡಿತು. ಎದ್ದು ಚೊಂಬು ಹಿಡಿದೆ.

ಬಿಸಿಲು ಇಳಿಯತೊಡಗಿತು. ಮೊದಲು ಸತ್ತದ್ದು ಚಿಟ್ಟೆಯಂತೆ ಚಪ್ಪಟೆಯಾಗಿರುವ ಬಿಳಿ ಹಳದಿ ಮೀನು. ಆಮೇಲೆ ಇನ್ನೂ ಕೆಲವು. ನನಗೆ ಮುಟ್ಟಲಾಗದೆ ಅವಳೇ ಬಲೆಯಲ್ಲಿ ಎತ್ತಿ ಬಾಳೆಲೆಯ ಮೇಲೆ ಸಾಲಾಗಿ ಇಟ್ಟಳು. ಸತ್ತದ್ದು ನೀರಲ್ಲೇ ಉಳಿದರೆ ಇನ್ನಷ್ಟು ಗಾಳಿ ಕುಡಿಯುತ್ತದೆ ಎಂದು ಅಣ್ಣ ಮೊದಲೇ ಹೇಳಿದ್ದ. ಒಂದು ಮೀನು ಹಿಂದಿನ ಕಲ್ಲುಗಳ ಸಂದಿಯಲ್ಲಿ ಸಿಕ್ಕಿ ಸತ್ತಿತ್ತು. ಬಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಅವಳು ಸ್ಟೂಲು ಹತ್ತಿ, ಬಳೆ ಮೇಲಕ್ಕೇರಿಸಿ, ತೋಳನ್ನು ಭುಜದವರೆಗೆ ನೀರಿಗೆ ಇಳಿಸಿದಳು.

ಆ ಕ್ಷಣದಲ್ಲೇ ಪಕ್ಕದ ಮನೆಯ ಟಿ.ವಿ. ಜೋರಾಗಿ ಮಾತಾಡಿತು. ಎದುರಿನ ಅಂಗಡಿಯ ಬಲ್ಬು ಹೊತ್ತಿಕೊಂಡಿತು.

ಕರೆಂಟು ಬಂದಿತ್ತು, ಅವಳ ತೋಳು ನೀರಿನೊಳಗಿತ್ತು.

ನಾನು ಮೇನ್ ಸ್ವಿಚ್ ಆಫ್ ಮಾಡಿದ್ದೆನೇ? ಮಾಡಿದ್ದೆ. ಮಾಡಿದ್ದೆನೇ? ಮಧ್ಯಾಹ್ನದ ಹೊತ್ತು ನಡೆದದ್ದೊಂದೂ ನೆನಪಿಗೆ ಬಾರದು. ಬಿರುಕು ಬಿಟ್ಟ ವಯರು, ಕುರ್ಚಿಯಿಂದ ಬಿದ್ದ ಅಣ್ಣ, ಅವಳ ಒದ್ದೆ ಕಾಲುಗಳು, ನೆಲದ ತುಂಬ ಉಪ್ಪುನೀರು. ಕೂಗಬೇಕೆಂದು ಬಾಯಿ ತೆರೆದರೆ ಗಾಳಿ ಮಾತ್ರ ಹೊರಬಂತು. ಹತ್ತಿರ ಹೋಗಿ ಎಳೆಯಲು ಕೈ ಚಾಚಿದೆ, ಮುಟ್ಟಲು ಧೈರ್ಯ ಬರಲಿಲ್ಲ. ಅವಳು ನಿಧಾನವಾಗಿ ತೋಳನ್ನು ಹೊರಗೆಳೆದು, ಮುಷ್ಟಿಯಲ್ಲಿದ್ದ ಸತ್ತ ಮೀನನ್ನು ನನಗೆ ತೋರಿಸಿ, ಸಿಕ್ತ್ರಿ ಎಂದಳು.

ಆಗ ಕಪಾಟಿನ ಕಡೆ ನೋಡಿದೆ. ಪಂಪು ಓಡುತ್ತಿರಲಿಲ್ಲ. ದೀಪವಿರಲಿಲ್ಲ. ಮೇನ್ ಸ್ವಿಚ್ ಆಫ್ ಆಗಿಯೇ ಇತ್ತು. ಅಲ್ಲಿಯೇ ಗೋಡೆಗೆ ಒರಗಿ ಕೂತೆ. ಅವಳು ಗಾಬರಿಯಾಗಿ, ಯಾಕ್ರಿ ಅಕ್ಕಾರ, ಮೀನು ಸಿಕ್ತಲ್ಲ ಎಂದಳು. ಏನಾಗಬಹುದಿತ್ತು ಎಂದು ವಿವರಿಸಿ ಹೇಳಿದೆ. ಅವಳು ತನ್ನ ತೋಳನ್ನೊಮ್ಮೆ ನೋಡಿಕೊಂಡು, ಸ್ಟೂಲಿನಿಂದ ಇಳಿದು, ಸೆರಗಿನಿಂದ ಕೈ ಒರೆಸಿಕೊಂಡಳು.

ನೆಲ ಒರೆಸಿ, ಕಾಲಿಗೆ ರಬ್ಬರಿನ ಚಪ್ಪಲಿ ಹಾಕಿಕೊಂಡು, ಒಣ ಕೈಯಿಂದ ಸ್ವಿಚ್ ಹಾಕಿದೆ. ಪಂಪು ಒಮ್ಮೆ ಕೆಮ್ಮಿ ನೀರೆತ್ತಿತು. ಸ್ಕಿಮ್ಮರ್ ಹುಚ್ಚು ಹಿಡಿದ ಹಾಗೆ ನೊರೆ ಉಕ್ಕಿಸಿ ಬಟ್ಟಲು ತುಂಬಿ ಹರಿಯಿತು. ಗಂಡ ಬಂದು ತಲುಪಿದಾಗ ಕತ್ತಲಾಗುತ್ತಿತ್ತು. ಅಂಗಡಿಯ ಬ್ಯಾಟರಿಯನ್ನು ಹೊತ್ತುಕೊಂಡು ಬಾಗಿಲಲ್ಲಿ ನಿಂತ ಅವರು ಉರಿಯುತ್ತಿರುವ ದೀಪ ನೋಡಿದರು, ಬಾಳೆಲೆಯ ಮೇಲಿನ ಮೀನುಗಳನ್ನು ನೋಡಿದರು, ಬ್ಯಾಟರಿಯನ್ನು ಇನ್ವರ್ಟರಿಗೆ ಸೇರಿಸಲು ಕೂತರು. ಅಣ್ಣನ ದೊಡ್ಡ ಏಂಜಲ್ ಮೀನು ಇನ್ನೂ ಉಸಿರಾಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದಾಗ ಅದು ಸತ್ತಿತ್ತು.

ಅದನ್ನು ತೆಂಗಿನ ಬುಡದಲ್ಲಿ ಹೂಳಿ ಕೈ ತೊಳೆಯುತ್ತಿರುವಾಗ ಅತ್ತಿಗೆ ಫೋನು ಮಾಡಿದರು. ಬಿ.ಪಿ. ಇಳಿದಿದೆ, ಒಳಗೆ ಕರೆದುಕೊಂಡು ಹೋದರು ಎಂದರು. ನಾನೂ ಗಂಡನೂ ಮಣಿಪಾಲಕ್ಕೆ ಹೊರಟೆವು. ಟ್ಯಾಂಕನ್ನು ಅವಳು ನೋಡಿಕೊಂಡಳು, ಕೈ ಹಾಕಬಾರದು ಎಂಬ ಕರಾರಿನ ಮೇಲೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಿಗೆಯ ಪಕ್ಕ ಕೂತಿದ್ದ ಆ ಹೊತ್ತಿನ ಬಗ್ಗೆ ಬರೆಯಲು ನನಗೆ ಈಗಲೂ ಆಗುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಬೇರೆ ಯಾರದೋ ಹೆಸರು ಕರೆದರೆ ಮತ್ತೆ ಕೂರುತ್ತಿದ್ದೆವು. ಒಮ್ಮೆ ಅತ್ತಿಗೆ ನನ್ನ ಕೈ ಹಿಡಿದು, ಎಷ್ಟು ಸತ್ತವು ಎಂದು ಕೇಳಿದರು. ಸುಮಾರು ಸತ್ತವು ಎಂದೆ. ಅವರು ಕೈ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರು ಹೊರಬಂದು, ಆಪರೇಷನ್ ಸರಿಯಾಗಿ ಆಗಿದೆ ಎಂದರು. ಅತ್ತಿಗೆ ಅತ್ತರು. ನನಗೆ ಅಳು ಬರಲಿಲ್ಲ, ಹಸಿವಾಯಿತು.

ಅಣ್ಣ ಮನೆಗೆ ಬಂದದ್ದು ಮಳೆ ಹಿಡಿದ ಮೇಲೆ. ಎದೆಗೆ ಪಟ್ಟಿ ಕಟ್ಟಿಕೊಂಡು, ದಿಂಬನ್ನು ಅಪ್ಪಿಕೊಂಡು ಟ್ಯಾಂಕಿನ ಮುಂದೆ ಕೂತು ಒಂದೊಂದೇ ಮೀನನ್ನು ಹುಡುಕಿದ. ಏಂಜಲ್ ಎಲ್ಲಿ ಎಂದು ಕೇಳಲಿಲ್ಲ. ಅದು ಇಲ್ಲದ್ದು ಅವನಿಗೆ ಕಾಣುತ್ತಿತ್ತು. "ಇಷ್ಟು ಮೀನನ್ನು ನಾನು ಬಿಡ್ಲೇಬಾರದಿತ್ತು" ಎಂದ, ಅಷ್ಟೆ. ಹಿಂದಿನ ಕೋಣೆಯವಳನ್ನು ಕರೆಸಿ ಕೂರಿಸಿ ಮಾತಾಡಿಸಿದ. ಅವಳು ಕುರ್ಚಿಯ ತುದಿಯಲ್ಲಿ ಕೂತು, ನಮ್ಮ ಊರಾಗ ಮೀನು ಅಂದ್ರ ಹೊಳ್ಯಾಗ ಇರ್ತಾವ್ರಿ, ಅವಕ್ಕ ಯಾರೂ ಗಾಳಿ ಹಾಕಂಗಿಲ್ಲ ಎಂದಳು. ಅಣ್ಣ ನಗಲು ಹೋಗಿ ಎದೆ ನೋವಾಗಿ ದಿಂಬು ಒತ್ತಿಹಿಡಿದುಕೊಂಡ.

ಮಣಿಪಾಲದ ಹೋಟೆಲಿನವರ ಟ್ಯಾಂಕು ಅಷ್ಟರಲ್ಲಿ ಸರಿಯಾಗಿತ್ತು. ನನ್ನ ಶಾಲೆ ಶುರುವಾಗುವ ಮೊದಲಿನ ಭಾನುವಾರ ಉಳಿದ ಮೀನುಗಳನ್ನು ಅಲ್ಲಿಗೆ ಸಾಗಿಸಿದೆವು. ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಲು ಭಾಗ ನೀರು, ಮುಕ್ಕಾಲು ಭಾಗ ಸಿಲಿಂಡರಿನಿಂದ ತುಂಬಿಸಿದ ಆಮ್ಲಜನಕ. ಗಂಡ ಕಾರು ಓಡಿಸುತ್ತಿದ್ದರು, ಅಣ್ಣ ಮುಂದೆ ಕೂತಿದ್ದ. ಹಿಂದೆ ನಾನು, ಮಡಿಲಲ್ಲಿ ಕಿತ್ತಳೆ ಬಣ್ಣದ ಮೀನುಗಳ ಚೀಲ. ಹೊಂಡ ಬಂದಾಗಲೆಲ್ಲ ಚೀಲವನ್ನು ಅಪ್ಪಿ ಹಿಡಿಯುತ್ತಿದ್ದೆ. ಉಡುಪಿ ದಾಟಿ ಏರು ಹತ್ತುವಾಗ ಕೇಳಿದೆ, ಅವತ್ತು ಫೋನಿನಲ್ಲಿ ಅಷ್ಟು ಸಮಾಧಾನದಿಂದ ಹೇಗೆ ಮಾತಾಡಿದೆ ಎಂದು.

ಅವನು ಗಾಜಿನಾಚೆಯ ಮಳೆ ನೋಡುತ್ತಲೇ ಹೇಳಿದ.

"ಎಂತ ಸಮಾಧಾನ ಮಾರಾಯ್ತಿ. ಕೈ ನಡುಗ್ತಿತ್ತು. ನಿನ್ನ ಅತ್ತಿಗೆ ಬಂದು ಫೋನು ತೆಗೆದುಕೊಂಡ್ಲು. ನೀನು ಹೆದರಿ ಅಲ್ಲೇ ಬಿದ್ರೆ ಯಾರಿದ್ದಾರೆ ಅಂತ ಅದೊಂದೇ ಯೋಚನೆ."

ಹೋಟೆಲಿನ ಹಿಂಬದಿಯ ಬಾಗಿಲ ಹತ್ತಿರ ಗಂಡ ಕಾರು ನಿಲ್ಲಿಸಿದರು. ಅಣ್ಣ ಇಳಿಯಲು ಅವಸರ ಮಾಡಿದ. ನೀನು ಕೂತಿರು, ಎತ್ತುವುದು ನಾನು ಎಂದೆ. ಎರಡೂ ಕೈಯಿಂದ ಚೀಲ ಹಿಡಿದು, ಕೆಳಗೆ ನೋಡಿಕೊಂಡು, ಒದ್ದೆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದೆ.